ನಲವತ್ತಾರು ವರ್ಷದ ನದಿ ರಜೆ

ಶಾಲಿಕ್ ಚರಿನಲ್ಲಿ ಯಾರ ಮನೆಯ ಮಾಡು ಎಲ್ಲಿ ಸೋರುತ್ತದೆ ಎಂದು ಆ ಮನೆಯವರನ್ನು ಕೇಳಿ ಪ್ರಯೋಜನವಿಲ್ಲ, ಸೂರ್ಯಬಾನುವನ್ನು ಕೇಳಬೇಕು. ಅವಳು ಕೈಯಲ್ಲಿರುವ ಕೆಲಸ ಬಿಡದೆ, "ದೀಪ ಇಡೋ ಮೂಲೆ, ಎರಡನೇ ತಗಡು, ಮೇಲಿಂದ ಮೂರನೇ ಮೊಳೆ" ಎಂದು ಹೇಳಿಬಿಡುತ್ತಾಳೆ. ಹೋಗಿ ನೋಡಿದರೆ ಅಲ್ಲೇ ತೊಟ್ಟಿಕ್ಕುತ್ತಿರುತ್ತದೆ.

ಚರ್ ಎಂದರೆ ಢಾಕಾದ ಪಡುವಣಕ್ಕೆ ಹರಿಯುವ ಜಮುನಾ ನದಿಯ ನಡುವೆ ಮರಳು ಕೂಡಿ ತಾನಾಗಿ ಎದ್ದ ನೆಲ. ಎದ್ದ ಹಾಗೆಯೇ ಒಂದು ದಿನ ನದಿ ಅದನ್ನು ವಾಪಸ್ಸು ಕೇಳುತ್ತದೆ. ಕೇಳಿದಾಗ ಜನ ತಲೆ ಮೇಲೆ ಕೈಹೊತ್ತು ಕೂರುವುದಿಲ್ಲ, ಮನೆ ಬಿಚ್ಚುತ್ತಾರೆ. ತಗಡು, ಬಿದಿರು, ಬಾಗಿಲು, ಮೇಕೆ, ಕೋಳಿ, ಅಜ್ಜಿ, ಎಲ್ಲವನ್ನೂ ದೋಣಿಗೆ ಹೇರಿ ಇನ್ನೊಂದು ದಿಬ್ಬಕ್ಕೆ ಹೋಗಿ ಸಂಜೆಯೊಳಗೆ ಅದೇ ಮನೆಯನ್ನು ಮತ್ತೆ ನಿಲ್ಲಿಸುತ್ತಾರೆ. ಊರಿನ ಹೆಸರೂ ಅದೇ ದೋಣಿಯಲ್ಲಿ ಬರುತ್ತದೆ. ಈಗಿರುವುದು ಐದನೆಯ ಶಾಲಿಕ್ ಚರ್. ಮೊದಲಿನ ನಾಲ್ಕೂ ನೀರಿನ ಕೆಳಗಿವೆ.

ಸೂರ್ಯಬಾನು ಹುಟ್ಟಿದ್ದು ಎರಡನೆಯದರಲ್ಲಿ. ಏಳು ದಿನ ಹಿಡಿದ ಮಳೆ ಎಂಟನೆಯ ದಿನ ಬಿಟ್ಟಾಗ ಹುಟ್ಟಿದಳೆಂದು ಅಪ್ಪ ಆ ಹೆಸರಿಟ್ಟ. ಒಂಬತ್ತು ವರ್ಷವಾದಾಗ ಊರಿಗೆ ಶಾಲೆ ಬಂತು. ಇದ್ರಿಸ್ ಪಂಡಿತರು ಎಂಬ ಮೇಷ್ಟ್ರು ಒಂದು ತಗಡಿನ ಪೆಟ್ಟಿಗೆ, ಒಂದು ಕರಿಹಲಗೆ ಹಿಡಿದುಕೊಂಡು ದೋಣಿಯಿಂದ ಇಳಿದರು. ಹುಡುಗಿ ನಾಲ್ಕು ದಿನ ಶಾಲೆಗೆ ಹೋದಳು. ದಿನಕ್ಕೊಂದರಂತೆ ನಾಲ್ಕು ಅಕ್ಷರ ಕಲಿತಳು. ಐದನೆಯ ದಿನ ಬೆಳಗ್ಗೆ ತಂಗಳನ್ನಕ್ಕೆ ಈರುಳ್ಳಿ ಹಿಚುಕಿಕೊಂಡು ತಿಂದು ಹೊರಟರೆ ಶಾಲೆಯ ಅರ್ಧ ಅಂಗಳ ನದಿಗೆ ಹೋಗಿತ್ತು. ಊರು ಎದ್ದಿತು. ಅಪ್ಪ ಅವಳನ್ನು ಕರೆದುಕೊಂಡು ಬೇರೆ ದಿಕ್ಕಿಗೆ, ಸೆಣಬಿನ ಕೂಲಿಗೆ ಹೋದ. ಶಾಲೆ ಮತ್ತೆ ಕಣ್ಣಿಗೆ ಬೀಳುವಷ್ಟರಲ್ಲಿ ಅವಳು ತೋರಬ್ ಅಲಿ ಎಂಬ ಮನೆಬಿಚ್ಚುವ ಮೇಸ್ತ್ರಿಯ ಹೆಂಡತಿಯಾಗಿ ಮೂರನೆಯ ಶಾಲಿಕ್ ಚರಿಗೆ ಬಂದಿದ್ದಳು.

ತೋರಬ್ ಒಳ್ಳೆಯವನು. ಮಾತು ಕಡಿಮೆ, ಕೆಲಸ ಚೊಕ್ಕ, ಮೊಳೆ ಮಾತ್ರ ಯಾವಾಗಲೂ ಎಡಕ್ಕೆ ವಾಲಿಸಿ ಹೊಡೆಯುತ್ತಿದ್ದ. ಮನೆ ಬಿಚ್ಚುವಾಗ ಯಾವ ತಗಡು ಎಲ್ಲಿಯದೆಂದು ಗುರುತು ಹಾಕುವ ಕೆಲಸ ಹೆಂಡತಿಯದು. ಅಂಕಿ ಬಾರದ್ದಕ್ಕೆ ಅವಳು ದೋಣಿಗೆ ಬಳಿಯುವ ಡಾಂಬರಿನಲ್ಲಿ ಬೆರಳದ್ದಿ ಚಿತ್ರ ಬರೆದಳು. ಮೀನು, ಬಾತುಕೋಳಿ, ಬದನೆಕಾಯಿ, ಏಡಿ. ಮೀನಿನ ಪಕ್ಕ ಬಾತು, ಬಾತಿನ ಪಕ್ಕ ಬದನೆ, ಅಷ್ಟೇ ಲೆಕ್ಕ. ಹಳೆಯ ಮೊಳೆತೂತಿಗೆ ಹಳೆಯ ಮೊಳೆಯೇ ಬೀಳಬೇಕು, ಹೊಸ ತೂತು ಕೊರೆದರೆ ಮಾಡು ಜರಡಿಯಾಗುತ್ತದೆ. ತೋರಬ್ ಎದೆನೋವಿನಿಂದ ತೀರಿಕೊಂಡ ಮೇಲೆ ಸುತ್ತಿಗೆಯನ್ನು ಅವಳೇ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೆಂಗಸು ಮಾಡು ಹತ್ತುವುದೇ ಎಂದು ಗೊಣಗಿದವರ ಮನೆಗಳಿಗೆ ಮುಂದಿನ ಮಳೆ ಬುದ್ಧಿ ಹೇಳಿತು.

ಶಾಲೆಯನ್ನಂತೂ ಅವಳು, ಅಂಚು ಕುಸಿದಾಗ ಚರಿನೊಳಗೇ ಹಿಂದಕ್ಕೆ ಸರಿಸಿದ್ದೂ ಸೇರಿ, ಮೂರು ಸಲ ಬಿಚ್ಚಿ ಕಟ್ಟಿದ್ದಳು. ಒಳಗೆ ಹೋಗಿ ಕೂತದ್ದು ಮಾತ್ರ ಇಲ್ಲ. "ಬಾ, ಒಂದು ಗಳಿಗೆ ಕೂತ್ಕೋ ಬುಬು" ಎಂದು ಹೆಡ್‌ಮಾಸ್ತರ್ ಮೊತಾಲೆಬ್ ಕರೆದರೆ, "ಕೂತ್ರೆ ಮೇಲಿನ ಮೊಳೆ ಯಾರು ನೋಡ್ತಾರೆ?" ಎಂದು ಏಣಿ ಹತ್ತುತ್ತಿದ್ದಳು. ಬುಬು ಎಂದರೆ ಅಕ್ಕ. ಮೊತಾಲೆಬ್ ಅವಳಿಗಿಂತ ಮೂರು ವರ್ಷ ಚಿಕ್ಕವನು. ಇದ್ರಿಸ್ ಪಂಡಿತರ ಆ ನಾಲ್ಕು ದಿನದ ಶಾಲೆಯಲ್ಲಿ ಅವಳ ಮುಂದೆ ಕೂತು, ಅವಳಿಂದ ಕಿವಿ ಹಿಂಡಿಸಿಕೊಂಡವನು. ಅವನಿಗೆ ದಡದಲ್ಲೊಬ್ಬ ಸೋದರಮಾವನಿದ್ದ, ಓದಿದ, ಮಾಸ್ತರನಾಗಿ ಹಿಂದಿರುಗಿದ. ಅವಳಿಗೆ ಅಂಥ ಮಾವನಿರಲಿಲ್ಲ. ಇದರ ಬಗ್ಗೆ ಇಬ್ಬರೂ ಯಾವತ್ತೂ ಮಾತಾಡಿಕೊಂಡಿಲ್ಲ.

ಆ ಶಾಲೆಯಲ್ಲಿ ಇದ್ರಿಸ್ ಪಂಡಿತರು ಹಾಕಿಕೊಟ್ಟ ಒಂದು ರೂಢಿ ಇತ್ತು. ಮುದುಕ ಭಾರಿ ಹಟಮಾರಿ. ನದಿ ಊರನ್ನು ಚೆಲ್ಲಾಪಿಲ್ಲಿ ಮಾಡಿದಾಗ ಕಾಣೆಯಾದ ಮಕ್ಕಳ ಹೆಸರನ್ನು ಅವರು ಹೊಡೆದುಹಾಕುತ್ತಿರಲಿಲ್ಲ. ಟಿ.ಸಿ. ತೆಗೆದುಕೊಂಡು ಹೋಗದವರು ಶಾಲೆ ಬಿಟ್ಟವರಲ್ಲ ಎಂಬುದು ಅವರ ವಾದ. ಹಾಜರಿ ಪುಸ್ತಕದ ಕೊನೆಯ ಪುಟಕ್ಕೆ 'ನದಿ ರಜೆ' ಎಂದು ತಲೆಬರಹ ಕೊಟ್ಟು ಅವರ ಹೆಸರು ಬರೆದಿಡುತ್ತಿದ್ದರು. ಪ್ರತಿ ವರ್ಷ ಹೊಸ ಪುಸ್ತಕ ಬಂದಾಗ ಆ ಪುಟವನ್ನು ನಕಲು ಮಾಡಬೇಕು. ಮೊತಾಲೆಬ್ ಮಾಸ್ತರರೂ ಗುರುಗಳ ಮಾತು ಮೀರದೆ ಹಾಗೇ ಮಾಡಿಕೊಂಡು ಬಂದಿದ್ದರು. ಇಲಾಖೆಯವರು ಆ ಪುಟ ನೋಡಿದವರಲ್ಲ, ಕೊನೆಯ ಪುಟದವರೆಗೆ ಯಾವ ಪುಣ್ಯಾತ್ಮ ಹೋಗುತ್ತಾನೆ!

ಹೀಗೆ ನಡೆಯುತ್ತಿದ್ದಾಗ ಈ ಸಲದ ಆಷಾಢದಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ನದಿ ನಾಲ್ಕನೆಯ ಶಾಲಿಕ್ ಚರಿನ ಉತ್ತರದ ಅಂಚನ್ನು ಕಚ್ಚಿತು. ಅದೇ ವಾರ ಶಿಕ್ಷಣ ಇಲಾಖೆಯ ಕಚೇರಿಯಿಂದ ಒಂದು ಕಾಗದ ಬಂತು. ಹನ್ನೊಂದು ದಿನ ಬಿಟ್ಟು ಸಾಹೇಬರು ಬರುತ್ತಾರೆ, ಸೋರದ ಮಾಡಿನ ಕೆಳಗೆ ಐವತ್ತು ಮಂದಿ ವಿದ್ಯಾರ್ಥಿಗಳು ಹಾಜರಿರಬೇಕು, ಇಲ್ಲದಿದ್ದರೆ ಶಾಲೆ ಮುಚ್ಚಿ ದಡದ ಶಾಲೆಗೆ ಸೇರಿಸಲಾಗುವುದು.

ದಡದ ಶಾಲೆಗೆ ದೋಣಿಯಲ್ಲಿ ಎರಡು ಗಂಟೆ. ಗಂಡುಮಕ್ಕಳಾದರೆ ಹೇಗೋ ಹೋದಾರು. ಹೆಣ್ಣುಮಕ್ಕಳನ್ನು ಈ ಹೊಳೆಯಲ್ಲಿ ದಿನಾ ಯಾರು ಕಳಿಸುತ್ತಾರೆ? ಸೂರ್ಯಬಾನುವಿನ ಮಗಳು ಹೀಗೇ ಮೂರನೆಯ ತರಗತಿಗೆ ಓದು ನಿಂತು, ಈಗ ಢಾಕಾದಲ್ಲಿ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿದ್ದಾಳೆ. ಆ ಮಗಳ ಮಗಳು ಝಿನುಕ್, ಹತ್ತು ವರ್ಷದವಳು, ಅಜ್ಜಿಯ ಜೊತೆಗಿದ್ದು ನಾಲ್ಕನೆಯ ತರಗತಿ ಓದುತ್ತಿದ್ದಾಳೆ. ಬಾಯಿ ಬಿಟ್ಟರೆ ಬೊಂಬಾಯಿ. ಅವಳ ಓದು ನಿಲ್ಲಬಾರದು. ಸೂರ್ಯಬಾನುವಿಗೆ ಬೇರೆ ಆಸೆಯೇ ಇರಲಿಲ್ಲ.

ಮರುದಿನವೇ ಡಾಂಬರಿನ ಡಬ್ಬಿ ಹಿಡಿದು ಶಾಲೆ ಬಿಚ್ಚಲು ಬಂದಳು. ಒಳಗೆ ನೋಡಿದರೆ ಅರವತ್ತನಾಲ್ಕು ತಗಡಿನ ಮೇಲೂ ನೀಲಿ ಬಣ್ಣ. ಹೋದ ವರ್ಷ ಮಕ್ಕಳ ಕೈಯಲ್ಲಿ ಮಾಸ್ತರರು ಬಳಿಸಿದ್ದು. ಅವಳ ಮೀನು, ಬಾತು, ಬದನೆಕಾಯಿ ಎಲ್ಲ ಅದರಡಿ ಮುಚ್ಚಿಹೋಗಿದ್ದವು.

"ಪರವಾಗಿಲ್ಲ, ಮತ್ತೆ ಬರೀತೀನಿ" ಎಂದು ಅವಳು ಬೆರಳದ್ದಿದಳು.

ಮಾಸ್ತರರು ಗಂಟಲು ಸರಿಮಾಡಿಕೊಂಡರು. "ಬುಬು, ಈ ಸಲ ಚಿತ್ರ ಬೇಡ. ಸಾಹೇಬ್ರು ಬರ್ತಾರೆ. ಶಾಲೆ ಗೋಡೆ ಮೇಲೇ ಬದನೆಕಾಯಿ ನೋಡಿದ್ರೆ ಏನಂದ್ಕೊತಾರೆ? ನಮ್ಮ ಮಕ್ಕಳಿಗೆ ಸಾವಿರದವರೆಗೂ ಅಂಕಿ ಬರುತ್ತೆ. ಸೀಮೆಸುಣ್ಣದಲ್ಲಿ ನಂಬರು ಹಾಕ್ತಾರೆ. ಆಮೇಲೆ ಒರೆಸಿದ್ರೆ ಬಣ್ಣ ಬಣ್ಣದ ಹಾಗೇ ಇರುತ್ತೆ."

"ಸೀಮೆಸುಣ್ಣ? ಆಷಾಢದಲ್ಲಿ?"

"ತಾಡಪಾಲು ಹೊದಿಸ್ತೀವಲ್ಲ."

"ಆಯ್ತಪ್ಪಾ ಆಯ್ತು. ಓದಿದೋರು ನೀವು, ನಾನೇನು ಹೆಬ್ಬೆಟ್ಟು" ಎಂದು ಡಬ್ಬಿಯ ಮುಚ್ಚಳ ಹಾಕಿ, ಸೆರಗು ಕೊಡವಿ ಹೊರಟೇಬಿಟ್ಟಳು. ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮನೆಗೆ ಹೋಗಿ ತನ್ನದೊಂದು ಗುಡಿಸಲು ಬಿಚ್ಚಿಕೊಂಡು ಮೊದಲ ದೋಣಿಯಲ್ಲೇ ಹೊಸ ದಿಬ್ಬಕ್ಕೆ ಹೋದಳು.

ಮಕ್ಕಳಿಗೋ ಹಬ್ಬ. ಒಂದರಿಂದ ಅರವತ್ತನಾಲ್ಕು ಬರೆಯಲು ಕಿತ್ತಾಟ. ಇಪ್ಪತ್ತೇಳು ಎಂಬ ಅಂಕಿ ಮೂರು ತಗಡಿನ ಮೇಲೆ ಬಿತ್ತು, ಐವತ್ತು ಯಾರಿಗೂ ನೆನಪಾಗಲಿಲ್ಲ. ದೋಣಿ ನಡುಹೊಳೆಗೆ ಬಂದಾಗ ಮಳೆ ಬಂತು. ಬಂತು ಎಂದರೆ ಸಾಲದು, ಆಕಾಶ ಮಗುಚಿ ಬಿದ್ದಿತು. ಗಾಳಿಗೆ ತಾಡಪಾಲು ಹಾರಿ ನೀರಿಗೆ ಬಿದ್ದು ಹೊರಟುಹೋಯಿತು. ದೋಣಿಯವನು ಕುದ್ದುಸ್ ಕೂಗಿದ, "ಮಾಸ್ತರೇ, ನಿಮ್ಮ ಲೆಕ್ಕವೆಲ್ಲ ನನ್ನ ಕಾಲಡಿ ಹಾಲಾಗಿ ಹರೀತಿದೆ!" ಮಾಸ್ತರರು ಕೊಡೆಯನ್ನು ತಗಡುಗಳ ಮೇಲೆ ಹಿಡಿದರು. ಅರವತ್ತನಾಲ್ಕು ತಗಡಿಗೆ ಒಂದು ಕೊಡೆ.

ಹೊಸ ದಿಬ್ಬದಲ್ಲಿ ಇಳಿಸಿದಾಗ ಗುರುತಿಲ್ಲದ ನೀಲಿ ತಗಡಿನ ರಾಶಿ. ಮಾಸ್ತರರು ಊರಿನ ಗಂಡಸರನ್ನು ಸೇರಿಸಿ ಐದು ದಿನ ಹೆಣಗಿದರು. ಒಂದು ತೂತು ಕೂಡಿದರೆ ಇನ್ನೊಂದು ಕೂಡದು. ನೀಲಿ ಬಣ್ಣ ಒಳಗೋ ಹೊರಗೋ ಎಂಬುದಕ್ಕೇ ಒಂದು ಜಗಳವಾಯಿತು. ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಹೊಲ ಕಳೆದುಕೊಂಡ ಒಂದು ಮನೆಯವರು ಊರು ಬಿಟ್ಟು ಢಾಕಾ ಬಸ್ಸು ಹತ್ತಿದರು. ಅವರ ಮಕ್ಕಳಿಬ್ಬರೂ ಶಾಲೆಯವರು. ಐವತ್ತೊಂದಿದ್ದದ್ದು ನಲವತ್ತೊಂಬತ್ತಾಯಿತು. ಸಾಹೇಬರು ಬರಲು ಮೂರೇ ದಿನವಿತ್ತು.

ಝಿನುಕ್ ಮನೆಗೆ ಬಂದು ಅಜ್ಜಿಯ ಎದುರು ಕುಕ್ಕರಿಸಿದಳು. "ನಾನಿ, ನಂಗೆ ಮದುವೆ ಯಾವಾಗ ಮಾಡ್ತೀಯ?"

ಮೀನು ಹೆರೆಯುತ್ತಿದ್ದ ಸೂರ್ಯಬಾನು ತಲೆಯೆತ್ತಿದಳು. "ಏನಂದೆ?"

"ಶಾಲೆ ಇಲ್ಲಾಂದ್ರೆ ಇನ್ನೇನು ಮಾಡ್ಲಿ? ಕಪ್ಪಗಿರೋ ಗಂಡಾದ್ರೂ ಪರವಾಗಿಲ್ಲ, ದೋಣಿ ಇರೋನು ನೋಡು."

"ಮುಚ್ಚೇ ಬಾಯಿ! ಹಲ್ಲು ಉದುರಿಸಿಬಿಡ್ತೀನಿ." ಅಜ್ಜಿ ಬೈದಳೇನೋ ಹೌದು, ಆದರೆ ಕೈಯಲ್ಲಿದ್ದ ಮೀನು ಜಾರಿ ಬೂದಿಗೆ ಬಿತ್ತು. ಆ ಹೊತ್ತಿಗೆ ಬಾಗಿಲಲ್ಲಿ ಮೊತಾಲೆಬ್ ಮಾಸ್ತರರು. ಮೊಳಕಾಲವರೆಗೆ ಕೆಸರು, ಹೆಬ್ಬೆರಳಿಗೆ ಸುತ್ತಿಗೆ ಏಟು ಬಿದ್ದು ಬಟ್ಟೆ ಸುತ್ತಿದ್ದಾರೆ. ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು.

"ಬುಬು, ತಪ್ಪಾಯ್ತು. ಬೇಕಾದ್ರೆ ಕಿವಿ ಹಿಂಡು."

"ಮೂರು ದಿನ ಇರೋವಾಗ ನೆನಪಾಯ್ತೇನೋ ಮೊತಾ ಈ ಹೆಬ್ಬೆಟ್ಟು?"

"ಮೊದಲನೇ ದಿನವೇ ನೆನಪಾಗಿತ್ತು. ನಾಚಿಕೆ ಬಿಡಲಿಲ್ಲ."

ಅಷ್ಟು ಹೇಳಿದ್ದೇ ಸಾಕಾಯಿತು. ಅವಳು ಕೈ ತೊಳೆದು, ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿ, "ಆ ಮೀನು ಕಾಯಿ ಝಿನುಕ್, ಬೆಕ್ಕು ಬರುತ್ತೆ" ಎಂದು ಹೊರಟಳು. ಝಿನುಕ್ ಮೀನಿನ ಮೇಲೆ ಬುಟ್ಟಿ ಬೋರಲು ಹಾಕಿ ಹಿಂದೆಯೇ ಓಡಿದಳು. ಇಂಥದ್ದನ್ನು ಬಿಟ್ಟು ಮೀನು ಕಾಯುವ ಹುಡುಗಿಯೇ ಅದು!

ಮುಂದೆ ನಡೆದದ್ದನ್ನು ಊರು ಈಗ ದಿನಾ ಹೇಳಿಕೊಳ್ಳುತ್ತದೆ. ಸೂರ್ಯಬಾನು ತಗಡುಗಳನ್ನು ಮರಳಿನ ಮೇಲೆ ಹಾಸಿಸಿದಳು. ನಡುವೆ ನಿಧಾನಕ್ಕೆ ನಡೆದಳು. ಬಗ್ಗಿ ಒಂದರ ಮೇಲೆ ಅಂಗೈ ಆಡಿಸಿದಳು. "ಇದು ಆನೆಕಲ್ಲು ಮಳೆ ಬಿದ್ದ ವರ್ಷದ್ದು, ಗುಳಿ ನೋಡಿ. ಪಡುವಣ ಕಡೆದು, ಎರಡನೇ ಸಾಲು. ಇದಕ್ಕೆ ಹೋತ ಹಾಯ್ದಿತ್ತು, ಕೆಳಗಿನ ಗೋಡೆದು. ಇದು ಮಾಸ್ತರರ ಚಹಾದೊಲೆ ಮೇಲಿನದು, ನೀಲಿ ಬಳಿದ್ರೂ ಹೊಗೆ ಬಿಟ್ಟಿಲ್ಲ." ಗಂಡಸರು ಹೇಳಿದ್ದು ಹೊತ್ತರು, ಹೊತ್ತದ್ದು ಕೂಡಿತು. ಹಳೆಯ ತೂತಿಗೆ ಹಳೆಯ ಮೊಳೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಮಾಸ್ತರರು ಬಾಯಿ ತೆರೆದುಕೊಂಡು ನಿಂತಿದ್ದರು.

"ಇದನ್ನೆಲ್ಲ ಹೇಗೆ ಓದ್ತೀಯ ಬುಬು?"

"ನೀವು ಪುಸ್ತಕ ಓದೋದು ಹೇಗೆ ಅಂತ ನಾನೇನಾದ್ರೂ ಕೇಳಿದೀನಾ?"

ಒಂದು ತಗಡಿನ ಹತ್ತಿರ ಮಾತ್ರ ಅವಳು ನಿಂತುಬಿಟ್ಟಳು. ಅದರ ತೂತುಗಳೆಲ್ಲ ಎಡಕ್ಕೆ ಸೀಳಿದ್ದವು. ತೋರಬ್ ಕೊನೆಯದಾಗಿ ಕೂರಿಸಿದ ತಗಡು ಅದು. ಅವಳಿಗೆ ಗಂಡನ ನೆನಪು ಉಕ್ಕಿ ಬಂತು. ಎಲ್ಲರೆದುರು ಅಳುವುದು ಬೇಡವೆಂದು, "ಈ ಸೊಟ್ಟಂದು ನಟ್ಟ ನಡು ಮಾಡಿಗೆ. ನಾನೇ ಹೊಡೀತೀನಿ, ಯಾರೂ ಮುಟ್ಟಬೇಡಿ" ಎಂದು ಗದರಿದಳು.

ಮೂರನೆಯ ದಿನ ಬೆಳಗ್ಗೆ ಸಾಹೇಬರು ಬಂದಾಗ ಮಾಡಿನ ಮೇಲೆ, ಗೋಡೆಯಾಚೆಗೆ ಚಾಚಿದ ಅಂಚಿನಲ್ಲಿ, ನಾಲ್ಕೇ ಮೊಳೆ ಬಾಕಿಯಿದ್ದವು. ಸೂರ್ಯಬಾನು ಮೇಲೆಯೇ ಇದ್ದಳು. ರೆಜಾವುಲ್ ಸಾಹೇಬರು ದಪ್ಪನೆಯ ಆಸಾಮಿ, ದೋಣಿ ಎಂದರೆ ಜೀವಭಯ. ಕಿತ್ತಳೆ ಬಣ್ಣದ ತೇಲುವ ಅಂಗಿ ತೊಟ್ಟು, ಇಳಿದ ಮೇಲೂ ಅದನ್ನು ಬಿಚ್ಚದೆ, ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಮಕ್ಕಳೆಲ್ಲ ಮುಖ ತೊಳೆದು ಎಣ್ಣೆ ಹಚ್ಚಿ ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಮಂಡಕ್ಕಿ, ಬೆಲ್ಲ, ಚಹಾ ಬಂತು. ಜೊತೆಗೆ ಮಳೆಯೂ ಬಂತು.

ಎಲ್ಲರ ಕಣ್ಣೂ ಮೇಲೆ. ತಗಡು ಡೋಲಿನಂತೆ ಬಡಿದುಕೊಂಡಿತು. ಸಾಹೇಬರು ಅಂಗೈ ಚಾಚಿ ಎದ್ದು ಮೂಲೆ ಮೂಲೆಗೆ ಹೋದರು. ಒಂದು ಹನಿಯೂ ಬೀಳಲಿಲ್ಲ. "ಭಲೇ! ನನ್ನ ಆಫೀಸೇ ಮೂರು ಕಡೆ ಸೋರುತ್ತೆ" ಎಂದರು. "ಸರಿ, ಹಾಜರಿ ಕೂಗಿ."

ಮಾಸ್ತರರು ಕೂಗಿದರು. ಒಂದೊಂದು ಹೆಸರಿಗೂ ಮಕ್ಕಳು ಗಂಟಲು ಹರಿಯುವಂತೆ 'ಹಾಜರ್' ಎಂದರು. ಸಾಹೇಬರು ಬೆರಳು ಮಡಿಸುತ್ತ ಎಣಿಸಿದರು. ನಲವತ್ತೊಂಬತ್ತಕ್ಕೆ ಮಾಸ್ತರರ ದನಿ ನಿಂತಿತು.

"ಇನ್ನೊಂದು?"

"ಇಷ್ಟೇ ಸಾರ್. ಎರಡು ಮಕ್ಕಳು ಹೋದ ವಾರ..."

"ಮಾಸ್ತರೇ, ನನಗೂ ಮಕ್ಕಳಿದಾರೆ. ಆದ್ರೆ ಕಾಗದದಲ್ಲಿ ಐವತ್ತು ಅಂತಿದೆ. ನಾನೇನು ಮಾಡ್ಲಿ, ಹೇಳಿ?" ಅವರು ನಿಜವಾಗಿಯೂ ಬೇಸರದಲ್ಲೇ ಹೇಳಿದರು. ಮೇಲಿನ ಸುತ್ತಿಗೆ ಸದ್ದೂ ನಿಂತುಹೋಯಿತು.

ಈ ವರ್ಷದ ಹಾಜರಿ ಪುಸ್ತಕಕ್ಕೆ ಗೆರೆ ಹಾಕಿಕೊಟ್ಟಿದ್ದ ಝಿನುಕ್ ಎದ್ದು ನಿಂತಳು. "ಸಾರ್, ಕೊನೇ ಪುಟ ನೋಡೇ ಇಲ್ಲ ನೀವು."

"ಏಯ್, ಕೂತ್ಕೋ!" ಎಂದರು ಮಾಸ್ತರರು.

"ಏನಿದೆ ಕೊನೇ ಪುಟದಲ್ಲಿ?" ಸಾಹೇಬರು ಪುಸ್ತಕ ಎಳೆದುಕೊಂಡು ಹಾಳೆ ಮಗುಚಿದರು. "ನದಿ ರಜೆ? ಇದು ಯಾವ ರಜೆ ಮಾರಾಯ್ರೆ? ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಕೇಳಿಲ್ಲ."

ಮಾಸ್ತರರು ತೊದಲುತ್ತ ಗುರುಗಳ ರೂಢಿಯನ್ನು ಹೇಳಿದರು. ಸಾಹೇಬರು ಚಹಾ ಪಕ್ಕಕ್ಕಿಟ್ಟು ಪಟ್ಟಿಯನ್ನು ಮೇಲಿನಿಂದ ಓದತೊಡಗಿದರು. ಮೊದಲನೆಯದೇ ಸೂರ್ಯಬಾನು, ಒಂದನೆಯ ತರಗತಿ, ಹಾಜರಿ ನಾಲ್ಕು ದಿನ.

"ಇವಳು ಟಿ.ಸಿ. ತಗೊಂಡಿಲ್ವಾ?"

"ಇಲ್ಲ ಸಾರ್."

"ಎಷ್ಟು ದಿನ ಆಯ್ತು ರಜೆ ಮೇಲೆ ಹೋಗಿ?"

"ನಲವತ್ತಾರು ವರ್ಷ ಸಾರ್."

ಸಾಹೇಬರು ಜೇಬಿನಿಂದ ಕಚೇರಿಯ ಕಾಗದ ತೆಗೆದು, ಕನ್ನಡಕ ಏರಿಸಿ, ಒಂದಕ್ಷರ ಬಿಡದೆ ಎರಡು ಸಲ ಓದಿದರು. "ವಿದ್ಯಾರ್ಥಿಗಳು ಐವತ್ತು ಅಂತಿದೆ. ವಯಸ್ಸು ಎಲ್ಲೂ ಬರೆದಿಲ್ಲ" ಎಂದರು. ಮೀಸೆಯ ಕೆಳಗೆ ನಗು ಅಲುಗಿತು. "ಈಗ ಎಲ್ಲಿದಾಳೆ?"

ನಲವತ್ತೊಂಬತ್ತು ಮಕ್ಕಳೂ ಬೆರಳನ್ನು ಮೇಲಕ್ಕೆ ತೋರಿಸಿದರು.

ಸಾಹೇಬರು ಮಾಡಿನ ಕಡೆ ಮುಖ ಮಾಡಿ, ಮಳೆಯ ಸದ್ದನ್ನು ಮೀರಿಸಿ ಕೂಗಿದರು. "ಸೂರ್ಯಬಾನೂ!"

"ಏನು?" ಎಂದಿತು ಮಾಡು.

"ಏನು ಅನ್ನಬಾರ್ದು ನಾನಿ!" ಝಿನುಕ್ ಕಿರುಚಿದಳು. "ಹಾಜರ್ ಅನ್ನು! ಹಾಜರ್!"

ಮೇಲೆ ಸದ್ದೇ ಇಲ್ಲ. ಮಳೆಯೊಂದೇ. ಮಾಸ್ತರರು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದರು. ಕೊನೆಗೆ, ಊರೆಲ್ಲ ಬೈದು ಗೊತ್ತಿದ್ದ ಆ ಗಂಟಲು ಒಂಬತ್ತು ವರ್ಷದ ಹುಡುಗಿಯಂತೆ ಸಣ್ಣಗಾಗಿ ಹೇಳಿತು.

"ಹಾಜರ್, ಸಾರ್."

ಶಾಲೆ ಕೇಕೆ ಹಾಕಿತು. ಸಾಹೇಬರು ಐವತ್ತು ಎಂದು ಬರೆದು ಕೆಳಗೆ ಗೆರೆ ಎಳೆದರು. "ಇಳಿದು ಬಾಮ್ಮಾ, ನೆನೀತೀಯ" ಎಂದರೆ, "ಒಂದು ಮೊಳೆ ಬಾಕಿ ಇದೆ ಸಾರ್" ಎಂಬ ಉತ್ತರ ಬಂತು. ಇಳಿದು ಬಂದಾಗ ಸಾಹೇಬರು ಗದರಿಸಿದರು. "ಇದು ತಮಾಷೆ ಅಲ್ಲ, ಗೊತ್ತಾಯ್ತಾ? ನಾಳೆಯಿಂದ ದಿನಾ ಬರಬೇಕು. ಮೂರು ತಿಂಗಳಿಗೆ ಮತ್ತೆ ಬಂದು ಓದಿಸಿ ನೋಡ್ತೀನಿ. ಬರದಿದ್ರೆ ಶಾಲೆಗೂ ರಜೆ, ನಿನಗೂ ರಜೆ."

"ಅಯ್ಯೋ, ಈ ವಯಸ್ಸಿನಲ್ಲಾ!" ಎಂದು ಅವಳು ತಲೆ ಮೇಲೆ ಸೆರಗೆಳೆದುಕೊಂಡಳು. ಆದರೆ ಮುಖವೆಲ್ಲ ನಗುವಾಗಿತ್ತು, ಮುಚ್ಚಿಕೊಳ್ಳಲು ಸೆರಗು ಸಾಲಲಿಲ್ಲ.

ಮಾರನೆಯ ದಿನ ಗಂಟೆ ಹೊಡೆಯುವ ಮೊದಲೇ ಬಂದಳು. ಸುತ್ತಿಗೆ ಸೊಂಟದಲ್ಲೇ ಇತ್ತು. ಒಂದನೆಯ ತರಗತಿಯ ಚಾಪೆಯಲ್ಲಿ, ಮೂಗು ಸುರಿಸುವ ಮಕ್ಕಳ ನಡುವೆ ಕಾಲು ಮಡಿಚಿ ಕೂತಳು. ತೋರಬ್ ಕೂರಿಸಿದ ತಗಡು ನೇರ ತಲೆಯ ಮೇಲಿತ್ತು, ಒಮ್ಮೆ ಅದನ್ನು ನೋಡಿಕೊಂಡಳು. ಮಾಸ್ತರರು ಸೀಮೆಸುಣ್ಣ ಕೊಟ್ಟು, "ಬಂದಷ್ಟು ಬರಿ ಬುಬು" ಎಂದರು. ಅವಳು ಎದ್ದು ಕರಿಹಲಗೆಯ ಮೇಲೆ ನಿಧಾನವಾಗಿ, ತುಟಿ ಕಚ್ಚಿಕೊಂಡು ನಾಲ್ಕು ಅಕ್ಷರ ಬರೆದಳು. ನಾಲ್ಕೂ ಸರಿಯಾಗಿದ್ದವು, ಒಂದು ಗೆರೆಯೂ ತಪ್ಪಿರಲಿಲ್ಲ. ಆಮೇಲೆ ಕೈ ಕೆಳಗಿಳಿಸಿದಳು.

"ಮುಂದೆ?" ಎಂದರು ಮಾಸ್ತರರು.

"ಇಲ್ಲೀವರೆಗೂ ಬಂದಿತ್ತು ಮೊತಾ. ಆಮೇಲೆ ನದಿ ಬಂತು."

ಮಾಸ್ತರರು ಅವಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಅವಳ ನಾಲ್ಕರ ಪಕ್ಕದಲ್ಲಿ ಐದನೆಯ ಅಕ್ಷರವನ್ನು ದೊಡ್ಡದಾಗಿ ಬರೆದರು. ಸೂರ್ಯಬಾನು ಅದನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. ಗಾಳಿಯಲ್ಲಿ ಬೆರಳಾಡಿಸಿ ಎರಡು ಸಲ ತಿದ್ದಿದಳು. ಕೊನೆಗೆ ಗೋಡೆಯ ನೀಲಿ ತಗಡಿನ ಕಡೆ ತಿರುಗಿದಳು.

"ಸೀಮೆಸುಣ್ಣದಲ್ಲಿ ಬೇಡ, ತೊಳೆದು ಹೋಗುತ್ತೆ" ಎಂದಳು. "ಝಿನುಕ್, ಡಾಂಬರ್ ಡಬ್ಬಿ ತಗೊಂಡು ಬಾ."

ಮಾಸ್ತರರು ಬೇಡವೆನ್ನಲಿಲ್ಲ. ಝಿನುಕ್ ಡಬ್ಬಿ ತರಲು ಓಡಿದಳು.